ಬೀಗದ ಕೈ

ಗಂಗಾವತಿ ಬಸ್ ನಿಲ್ದಾಣ ದಾಟುವಷ್ಟರಲ್ಲಿ ನನ್ನ ಫೋನಿಗೆ ಬೀಗ ಬಿತ್ತು. ಕಳುವಾಗಲಿಲ್ಲ, ಬಿದ್ದು ಒಡೆಯಲಿಲ್ಲ, ಕೈಯಲ್ಲೇ ಇತ್ತು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿದಾಗ ಬಾಕಿ ಕಂತಿನ ಮೊತ್ತ ಬಿಟ್ಟು ಅದರ ಮೇಲೆ ಬೇರೇನೂ ಇರಲಿಲ್ಲ. ಅವ್ವನ ನಂಬರು ಒಳಗೆ. ಬರೆದಿಟ್ಟ ಮೂರು ಲೇಖನ ಒಳಗೆ. ಯಲಬುರ್ಗಾಕ್ಕೆ ಮರಳುವ ಟಿಕೆಟ್ಟಿನ ರೊಕ್ಕವೂ ಒಳಗೆ. ಸಾವಿರದ ಮುನ್ನೂರು ರೂಪಾಯಿ, ಒಂಬತ್ತು ದಿನ ತಡ. ನನ್ನ ತಪ್ಪು ಅಷ್ಟು.

ಕಂಡಕ್ಟರ್ ತುಂಬಿದ ಬಸ್ಸಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಕೇಳಿದ: "ರೊಕ್ಕ ಇಲ್ದ ಬಸ್ ಯಾಕ ಹತ್ತೀರಿ?" ನಾನು ಫೋನ್ ತೋರಿಸಿದೆ. ಅವನ ದನಿ ಇಳಿಯಿತು. "ಲಾಕ್ ಹಾಕ್ಯಾರೇನ್ರಿ? ನಮ್ಮ ಅಳಿಯಂದೂ ಹಿಂಗ ಆಗಿತ್ತು." ತನ್ನ ಕಿಸೆಯ ರೊಕ್ಕ ಹಾಕಿ ಟಿಕೆಟ್ ಕೊಟ್ಟ. ಆ ಬೈಗುಳ ನಾನು ಮರೆತಿದ್ದೇನೆ. ಆ ದಯೆ ಇನ್ನೂ ಸುಡುತ್ತಿದೆ.

ನಮ್ಮಜ್ಜ ಜೀತಕ್ಕಿದ್ದವನು. ಸಾಲ ತೀರುವ ತನಕ ಗೌಡರ ಕೊಟ್ಟಿಗೆ ಬಿಟ್ಟು ಹೋಗುವ ಹಾಗಿರಲಿಲ್ಲ. 1976ರಲ್ಲಿ ಕಾಯ್ದೆ ಬಂದು ಜೀತ ಹೋಯಿತು ಎಂದರು. ಹೋಗಿಲ್ಲ. ಕೊಟ್ಟಿಗೆಯಿಂದ ಕಿಸೆಗೆ ಬಂದಿದೆ. ಕಂತು ತಪ್ಪಿದವನ ಫೋನನ್ನು ಸಾಲ ಕೊಟ್ಟವನು ಕೂತಲ್ಲಿಂದಲೇ ಮುಚ್ಚಬಹುದು. ಅದಕ್ಕೆ ಬೇಕಾದ ಸಾಧನವನ್ನು ಆಂಡ್ರಾಯ್ಡ್ ಮಾಡುವ ಗೂಗಲ್ ತಾನೇ ತಯಾರಿಸಿಟ್ಟಿದೆ. ಅದರ ಹೆಸರು ಡಿವೈಸ್ ಲಾಕ್ ಕಂಟ್ರೋಲರ್. ಫೋನು ನನ್ನದು, ಬೀಗ ಇನ್ನೊಬ್ಬನದು.

ಇಷ್ಟು ಹೇಳಿದ ಮೇಲೆ ಆಂಡ್ರಾಯ್ಡ್ ಒಳ್ಳೆಯದೋ ಐಫೋನ್ ಒಳ್ಳೆಯದೋ ಎಂಬ ಮಾತಿಗೆ ಬರುತ್ತೇನೆ. ಕೊಪ್ಪಳದ ಜವಾಹರ ರಸ್ತೆಯ ಮೊಬೈಲ್ ಅಂಗಡಿಗಳ ಮುಂದೆ ನಿಂತ ಹುಡುಗರು ದಿನವೂ ಇದೇ ವಾದ ಮಾಡುತ್ತಾರೆ. ಪತ್ರಿಕೆಯ ತಂತ್ರಜ್ಞಾನ ಪುಟದಲ್ಲೂ ಇದೇ: ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ಗಂಟೆ, ಚಿಪ್ಪು ಎಷ್ಟು ಚುರುಕು. ಆ ಪಟ್ಟಿಯಲ್ಲಿ ನನಗೆ ಬೇಕಾದ ಮೂರು ಸಾಲು ಎಂದೂ ಇರುವುದಿಲ್ಲ. ನನ್ನ ಭಾಷೆ ಎಂದು ಬಂತು? ನನ್ನ ಫೋನಿಗೆ ಆಯುಷ್ಯ ಎಷ್ಟು? ನನ್ನ ಮನೆಯ ಗುಟ್ಟು ಯಾರ ಪಾಲು?

ಮೊದಲು ಭಾಷೆ.

2011. ನಾನು ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿದ್ದೆ. ಕೈಯಲ್ಲಿ ಯಾವುದೋ ಸೆಕೆಂಡ್ ಹ್ಯಾಂಡ್ ಟಚ್ ಫೋನು. ತಂಗಿ ತನ್ನ ಗುಂಡಿ ಫೋನಿನಿಂದ ಕನ್ನಡದಲ್ಲಿ ಮೆಸೇಜು ಹಾಕಿದಳು. ನನಗೆ ಕಂಡದ್ದು ಸಾಲಾಗಿ ಖಾಲಿ ಚೌಕ. ಫೋನ್ ಕೆಟ್ಟಿದೆ ಎಂದುಕೊಂಡು ಕಿಸೆಗೆ ಹಾಕಿ ಸಿಮೆಂಟ್ ಬುಟ್ಟಿ ಹೊತ್ತೆ. ಮರುದಿನ ಊರಿನ ಹುಡುಗನೊಬ್ಬ ಹುಡುಕಿಕೊಂಡು ಬಂದು ಹೇಳಿದ. ಆ ಚೌಕಗಳಲ್ಲಿ ಇದ್ದದ್ದು ಇಷ್ಟು: ಅಪ್ಪನ್ನ ದವಾಖಾನಿಗೆ ಹಾಕೇವಿ, ಲಗೂ ಬಾ. ರಾತ್ರಿಯ ಬಸ್ಸು ಹಿಡಿದು ಹೋದೆ. ಅಪ್ಪನನ್ನು ನೋಡಿದೆ. ಅಪ್ಪ ನನ್ನನ್ನು ನೋಡಲಿಲ್ಲ.

ಅದು ಯಾವ ಕಂಪನಿಯ ಫೋನು ಎಂದು ಹೇಳುವುದಿಲ್ಲ. ಒಂದು ಕಂಪನಿಯ ಪಾಪವಲ್ಲ ಅದು, ಒಂದು ಕಾಲದ ಪಾಪ. ಆಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂದದ್ದು 2008ರಲ್ಲಿ. ಕನ್ನಡಕ್ಕೆ ಬೆಂಬಲ ಸೇರಿಸಿದ್ದೇವೆಂದು ಗೂಗಲ್ ಹೇಳಿದ್ದು 2012ರಲ್ಲಿ, 4.1ನೇ ಆವೃತ್ತಿಯಲ್ಲಿ. ಮೆನು ಕನ್ನಡವಾದದ್ದು 2014ರಲ್ಲಿ, 5.0 ಬಂದಾಗ. ಐಫೋನ್ ಹುಟ್ಟಿದ್ದು 2007. ಕನ್ನಡ ಟೈಪ್ ಮಾಡಲು ಕೀಲಿಮಣೆ ಕೊಟ್ಟದ್ದು 2017ರ ಐಒಎಸ್ 11ರಲ್ಲಿ. ಇಡೀ ಫೋನನ್ನೇ ಕನ್ನಡದಲ್ಲಿ ನಡೆಸಲು ಬಿಟ್ಟದ್ದು 2025ರಲ್ಲಿ, 18.4ನೇ ಆವೃತ್ತಿಯಲ್ಲಿ. ಹದಿನೆಂಟು ವರ್ಷ! ಐಫೋನ್ ಹುಟ್ಟಿದ ವರ್ಷ ನಮ್ಮಲ್ಲಿ ಹುಟ್ಟಿದ ಮಗು ಆ ಹೊತ್ತಿಗೆ ಮತ ಹಾಕುವ ವಯಸ್ಸಿಗೆ ಬಂದಿತ್ತು.

2011ರ ಜನಗಣತಿಯಲ್ಲಿ ಕನ್ನಡ ತಾಯಿನುಡಿಯವರು 4.37 ಕೋಟಿ. ಫಿನ್‌ಲ್ಯಾಂಡಿನ ಇಡೀ ಜನಸಂಖ್ಯೆ ಸುಮಾರು 55 ಲಕ್ಷ. ಅವರ ಭಾಷೆ ಐಫೋನಿನಲ್ಲಿ ನಮಗಿಂತ ಎಷ್ಟೋ ವರ್ಷ ಮೊದಲೇ ಕೂತಿತ್ತು. ನಾವು ಎಂಟು ಪಟ್ಟು ಇದ್ದೇವೆ, ಆದರೆ ನಮ್ಮ ಕಿಸೆ ಹಗುರ. ಭಾಷೆಯನ್ನು ಅವರು ತಲೆ ಎಣಿಸಿ ಸೇರಿಸುವುದಿಲ್ಲ, ರೊಕ್ಕ ಎಣಿಸಿ ಸೇರಿಸುತ್ತಾರೆ. ಇತ್ತ ನಾವೋ? ನವೆಂಬರ್ ಒಂದಕ್ಕೆ ಹಳದಿ ಕೆಂಪು ಬಾವುಟ ಹಿಡಿದು ಕುಣಿದೆವು. ಆ ಹದಿನೆಂಟು ವರ್ಷದಲ್ಲಿ ಕನ್ನಡವಿಲ್ಲದ ಫೋನು ಈ ರಾಜ್ಯದಲ್ಲಿ ಮಾರಕೂಡದು ಎಂದು ಗುಡುಗಿದ ಒಬ್ಬ ಮಂತ್ರಿಯ ಹೆಸರು ನನಗೆ ನೆನಪಿಲ್ಲ.

ನಮ್ಮ ಕೊಪ್ಪಳದಲ್ಲಿ ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕನ ಶಾಸನಗಳಿವೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಸಣ್ಣವರೂ ದೊಡ್ಡವರೂ ಒಂದೇ ಹಾದಿಯಲ್ಲಿ ಪ್ರಯತ್ನ ಮಾಡಲಿ ಎಂಬುದು ಅದರ ಆಶಯ. ಮಾತು ಚಂದ. ಆದರೆ ಆ ಬಂಡೆಯ ಕೆಳಗೆ ಕುರಿ ಮೇಯಿಸಿದವನಿಗೆ ಆ ಭಾಷೆ ಬರುತ್ತಿತ್ತೇ? ದೊರೆಯ ಆಜ್ಞೆ ನಮ್ಮ ಕಲ್ಲಿನ ಮೇಲೆ, ದೊರೆಯ ಭಾಷೆಯಲ್ಲಿ. ಇಂದು ಆಜ್ಞೆ ಗಾಜಿನ ಮೇಲೆ ಬರುತ್ತದೆ. 2021ರ ಮೇ ತಿಂಗಳಲ್ಲಿ ಹದಿನೆಂಟರಿಂದ ನಲವತ್ತನಾಲ್ಕರ ವಯಸ್ಸಿನವರು ಕೊರೊನಾ ಲಸಿಕೆಗೆ ಕೋವಿನ್‌ನಲ್ಲೇ ಹೆಸರು ನೋಂದಾಯಿಸಬೇಕೆಂದರು. ಅದರ ಪರದೆಯ ಮೇಲೆ ಇದ್ದದ್ದು ಇಂಗ್ಲಿಷ್. ಕನ್ನಡ ಬಂದದ್ದು ಜೂನ್‌ನಲ್ಲಿ. ಆ ನಡುವಿನ ದಿನಗಳಲ್ಲಿ ಹೆಣಗಳು ಸಾಲುಗಟ್ಟಿದ್ದವು.

ಇನ್ನು ಆಯುಷ್ಯ.

2015ರಲ್ಲಿ ಬಂದ ಐಫೋನ್ 6ಎಸ್‌ಗೆ 2021ರ ಐಒಎಸ್ 15 ಕೂಡ ಸಿಕ್ಕಿತು. ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುತ್ತೇವೆಂದು ಮಾತು ಕೊಟ್ಟಿವೆ. ಬಂದಾಗ ಅವು ಮುಕ್ಕಾಲು ಲಕ್ಷದ ಫೋನುಗಳು. ಕುಷ್ಟಗಿಯ ಸಂತೆಗೆ ಬಂದ ರೈತ ಏಳೆಂಟು ಸಾವಿರ ಕೊಟ್ಟು ಕೊಳ್ಳುವ ಆಂಡ್ರಾಯ್ಡ್‌ಗೆ ಬಹಳ ಸಲ ಎರಡು ಮೂರು ವರ್ಷ ಮಾತ್ರ. ಆಮೇಲೆ ಕಳ್ಳ ನುಗ್ಗುವ ಕಿಂಡಿಗಳನ್ನು ಯಾರೂ ಮುಚ್ಚುವುದಿಲ್ಲ. ಗಾಜು ಗಟ್ಟಿ ಇರುತ್ತದೆ, ಬ್ಯಾಟರಿ ಇರುತ್ತದೆ, ಫೋನು ಮಾತ್ರ ಅನಾಥ. ಒಂದು ಬೆಳಗ್ಗೆ ಬ್ಯಾಂಕಿನ ಆ್ಯಪ್ ತೆರೆಯುವುದಿಲ್ಲ. ಇನ್ನೊಂದು ಬೆಳಗ್ಗೆ ವಾಟ್ಸ್ಆ್ಯಪ್ ಹೋಗುತ್ತದೆ. 2025ರ ಮೊದಲ ದಿನದಿಂದ ಆಂಡ್ರಾಯ್ಡ್ 4.4 ಇದ್ದವರಿಗೆ ಅದು ಹಾಗೇ ಮುಚ್ಚಿತು.

ಕಾಯ್ ಓಎಸ್ ಎಂಬ ಮೂರನೆಯದೂ ಒಂದಿತ್ತು. 2017ರಲ್ಲಿ ಸಾವಿರದ ಐನೂರು ರೂಪಾಯಿ ಠೇವಣಿಗೆ ಬಂದ ಜಿಯೋಫೋನಿನ ಒಳಗಿದ್ದದ್ದು ಅದೇ. ನಮ್ಮ ಓಣಿಯ ಹೆಂಗಸರು ಗುಳೆ ಹೋದ ಮಕ್ಕಳ ಮುಖ ವಾಟ್ಸ್ಆ್ಯಪ್‌ನಲ್ಲಿ ಮೊದಲು ನೋಡಿದ್ದು ಆ ಗುಂಡಿ ಫೋನಿನಲ್ಲೇ. 2024ರ ಜೂನ್‌ನಲ್ಲಿ ಅದರಲ್ಲಿ ವಾಟ್ಸ್ಆ್ಯಪ್ ಹೊಸದಾಗಿ ಇಳಿಸಿಕೊಳ್ಳುವುದು ನಿಂತಿತು, ಮುಂದಿನ ವರ್ಷ ಇದ್ದವರಿಗೂ ಹೋಯಿತು. ಬಡವರಿಗೆಂದೇ ಹಾಕಿದ ಹಾದಿಯನ್ನು ಮೊದಲು ಅಗೆದು ಹಾಕುತ್ತಾರೆ.

ಲೆಕ್ಕ ಹಾಕಿ. 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ನಮ್ಮ ರಾಜ್ಯದಲ್ಲಿ 370 ರೂಪಾಯಿ. ಐಫೋನ್ 16 ಬಿಡುಗಡೆಯಾದಾಗ ಅದರ ಬೆಲೆ 79,900. ಒಂದು ಕಾಳೂ ತಿನ್ನದೆ 216 ದಿನ ಮಣ್ಣು ಹೊತ್ತರೆ ಒಂದು ಐಫೋನು. ಅಂದಿನ ಕಾಯ್ದೆ ಕೊಟ್ಟಿದ್ದ ಮಾತು ವರ್ಷಕ್ಕೆ 100 ದಿನ. ಇನ್ನು ತೆರಿಗೆ. 2020ರ ಏಪ್ರಿಲ್‌ನಲ್ಲಿ ಮೊಬೈಲಿನ ಜಿಎಸ್‌ಟಿಯನ್ನು 12ರಿಂದ 18ಕ್ಕೆ ಏರಿಸಿದರು. ಬಂಗಾರಕ್ಕೆ 3. ಮದುವೆಮನೆಯಲ್ಲಿ ಮೆರೆಯುವ ಸರಕ್ಕೆ ನೂರಕ್ಕೆ ಮೂರು, ಕೂಲಿಯವಳ ಫೋನಿಗೆ ನೂರಕ್ಕೆ ಹದಿನೆಂಟು. ಈ ತೆರಿಗೆ ಬರೆದವರಿಗೆ ನಾಚಿಕೆ ಎಂಬುದಿಲ್ಲ.

ಮೂರನೆಯದು ಗುಟ್ಟು.

2021ರ ಏಪ್ರಿಲ್‌ನಿಂದ ಐಫೋನು ತನ್ನ ಒಡೆಯನನ್ನು ಕೇಳುತ್ತದೆ: ಈ ಆ್ಯಪ್ ನಿಮ್ಮ ಬೆನ್ನು ಹತ್ತಲು ಬಯಸುತ್ತದೆ, ಬಿಡಲೇ? ಬೇಡ ಎಂದು ಒತ್ತಿದರೆ ಆಯಿತು. ಮಾನವನ್ನೂ ಮಾರಾಟಕ್ಕಿಟ್ಟಿದ್ದಾರೆ, ಕೊಳ್ಳುವ ಶಕ್ತಿ ಇದ್ದವನಿಗೆ ಅದು ಸಿಗುತ್ತದೆ. ನಮ್ಮ ಹುಡುಗರು ಆಂಡ್ರಾಯ್ಡ್‌ನಲ್ಲಿ ಐದು ನಿಮಿಷದ ಸಾಲದ ಆ್ಯಪ್ ಇಳಿಸಿಕೊಂಡರು. ಒಪ್ಪಿಗೆಯ ಕಾಗದ ಇಂಗ್ಲಿಷಿನಲ್ಲಿತ್ತು. ಫೋನಿನಲ್ಲಿದ್ದ ನಂಬರೆಲ್ಲ, ಫೋಟೋ ಎಲ್ಲ ಸಾಲದವನ ಕೈ ಸೇರಿದವು. ಕಂತು ತಪ್ಪಿದಾಗ ಅತ್ತೆ ಮಾವನಿಗೆ, ಶಾಲೆಯ ಮಾಸ್ತರಿಗೆ ಫೋನು ಹೋಯಿತು. ಸಾಲದ ಆ್ಯಪ್‌ಗಳು ನಂಬರು, ಫೋಟೋ ಮುಟ್ಟಕೂಡದು ಎಂದು ಗೂಗಲ್ ನಿಯಮ ಜಾರಿಗೆ ತಂದದ್ದು 2023ರ ಮೇ ಕೊನೆಗೆ. ಅಷ್ಟರಲ್ಲಿ ಎಷ್ಟು ಮಂದಿಯ ಮರ್ಯಾದೆ ಬೀದಿಗೆ ಬಿದ್ದಿತ್ತು!

ಹಾಗೆಂದು ಆಪಲ್‌ಗೆ ಕೈಮುಗಿಯಿರಿ ಎನ್ನುತ್ತಿಲ್ಲ. 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ದುಡಿದ ಕೂಲಿ ಸರಿಯಾಗಿ ಬರಲಿಲ್ಲವೆಂದು ಕಾರ್ಮಿಕರು ಸಿಡಿದೆದ್ದರು. ದೇಶಕ್ಕೆಲ್ಲ ಕಂಡದ್ದು ಒಡೆದ ಗಾಜು, ಕಾಣದೇ ಹೋದದ್ದು ಖಾಲಿ ಕಿಸೆ. ಗೂಗಲ್‌ಗೆ 2022ರ ಅಕ್ಟೋಬರ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ 1,337 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು, ಆಂಡ್ರಾಯ್ಡ್ ಹಿಡಿತವನ್ನು ದುರ್ಬಳಕೆ ಮಾಡಿಕೊಂಡದ್ದಕ್ಕೆ. ಇಬ್ಬರೂ ಒಡೆಯರೇ. ಒಬ್ಬನ ಅಂಗಳಕ್ಕೆ ಕಾಲಿಡಲು ರೊಕ್ಕ ಬೇಕು. ಇನ್ನೊಬ್ಬನ ಅಂಗಳ ತೆರೆದೇ ಇದೆ, ಯಾಕೆಂದರೆ ಅಲ್ಲಿ ಮಾರಾಟವಾಗುವುದು ನಾವೇ.

ಊರು ಬೇರೆ, ಕೇರಿ ಬೇರೆ ಎಂಬುದನ್ನು ನನಗೆ ಯಾರೂ ಕಲಿಸಬೇಕಿಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಹೋಟೆಲ್ಲಿಗೆ, ಕ್ಷೌರದಂಗಡಿಗೆ ಪ್ರವೇಶ ಕೇಳಿದ ನಮ್ಮ ದಲಿತರ ಗುಡಿಸಲಿಗೆ 2014ರಲ್ಲಿ ಬೆಂಕಿ ಇಟ್ಟರು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಬೇರೆ ಲೋಟ ಇಡುವವನ ಕಣ್ಣನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಕೊಪ್ಪಳದ ಒಂದು ಸಾಹಿತ್ಯ ಸಭೆಯಲ್ಲಿ, ಸಮಾನತೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ ಹಿರಿಯರೊಬ್ಬರು ಮೇಜಿನ ಮೇಲೆ ತಮ್ಮ ಐಫೋನಿನ ಪಕ್ಕ ನನ್ನ ಸೀಳಿದ ಗಾಜಿನ ಫೋನು ಕಂಡು, ಎರಡು ಬೆರಳಲ್ಲಿ ಅದನ್ನು ಆಚೆ ಸರಿಸಿದರು. ಆ ಎರಡು ಬೆರಳು ನನಗೆ ಗೊತ್ತು. ಲೋಟ ಸರಿಸಿದ ಬೆರಳೇ ಅವು.

ಇಷ್ಟೆಲ್ಲ ಆದ ಮೇಲೂ ಫೋನು ಬೇಡ ಎಂದು ಎಸೆಯುವ ಹಾಗಿಲ್ಲ. ಸರ್ಕಾರ ಬಿಡುವುದಿಲ್ಲ. 2020ರ ಮುಂಗಾರಿನಲ್ಲಿ ಬೆಳೆ ಸಮೀಕ್ಷೆಯನ್ನು ರೈತರೇ ಮೊಬೈಲಿನಲ್ಲಿ ಮಾಡಿ, ಆ್ಯಪ್ ಇಳಿಸಿಕೊಳ್ಳಿ ಎಂದಿತು. ಅಂಗನವಾಡಿಯ ಮಗುವಿನ ತೂಕ ಪೋಷಣ್ ಟ್ರ್ಯಾಕರ್‌ಗೆ ಹೋಗಬೇಕು. ಆಸ್ಪತ್ರೆಯ ಚೀಟಿ, ರೇಷನ್, ಪಿಂಚಣಿ, ಎಲ್ಲದಕ್ಕೂ ಒಟಿಪಿ. ಫೋನು ಕೊಡದ ಸರ್ಕಾರ ಫೋನಿಲ್ಲದವನನ್ನು ಪ್ರಜೆ ಎನ್ನುವುದಿಲ್ಲ. ನಾನು ಕೇಳುವುದು ಭಿಕ್ಷೆಯಲ್ಲ. ಏಳು ಸಾವಿರದ ಫೋನಿಗೂ ಏಳು ವರ್ಷ ರಕ್ಷಣೆ ಕೊಡಲೇಬೇಕೆಂದು ಕಾನೂನು ಮಾಡಿ. ಬದುಕಿಗೆ ಬೇಕಾದ ಫೋನಿಗೆ ದೂರದಿಂದ ಬೀಗ ಹಾಕುವುದನ್ನು ಅಪರಾಧವೆನ್ನಿ. ಕನ್ನಡವಿಲ್ಲದ ಸರ್ಕಾರಿ ಆ್ಯಪನ್ನು ಈ ಮಣ್ಣಿನಲ್ಲಿ ಇಳಿಸಬೇಡಿ. ಆ್ಯಪ್ ಇಲ್ಲದವನ ಕೆಲಸವನ್ನು ಕಾಗದದ ಮೇಲೆ ಮಾಡಿಕೊಡಿ, ಅದು ಅವನ ಹಕ್ಕು.

2023ರ ಜನವರಿಯಿಂದ ಉದ್ಯೋಗ ಖಾತ್ರಿಯ ಹಾಜರಿಯೂ ಮೊಬೈಲಿಗೇ ಹೋಯಿತು. ದಿನಕ್ಕೆರಡು ಫೋಟೋ. ನಮ್ಮ ಎರಿ ಸೀಮೆಯ ಕೆರೆ ಅಂಗಳದಲ್ಲಿ, ನೆತ್ತಿ ಸುಡುವ ಬಿಸಿಲಿನಲ್ಲಿ, ಹೂಳೆತ್ತುವ ಹೆಂಗಸರು ಗುದ್ದಲಿ ಬುಟ್ಟಿ ಕೆಳಗಿಟ್ಟು ಸಾಲಾಗಿ ನಿಲ್ಲುತ್ತಾರೆ. ಹಾಜರಿ ಹಾಕುವ ಕಾಯಕ ಬಂಧು ಹುಡುಗ ತನ್ನ ಅಗ್ಗದ ಫೋನು ಎತ್ತಿ ಹಿಡಿದು ಹಿಂದೆ ಹಿಂದೆ ಸರಿಯುತ್ತಾನೆ, ಎಲ್ಲರೂ ಚೌಕಟ್ಟಿನೊಳಗೆ ಬರಬೇಕು. ಕ್ಯಾಮೆರಾದ ಗಾಜು ಗೀಚಿ ಮಂಜಾಗಿದೆ. ನಮ್ಮವ್ವನಿಗೆ ಅರವತ್ತೆರಡು. ಮೊನ್ನೆ ಅವಳು ಫೋಟೋ ತೆಗೆದಾದ ಮೇಲೆ ಹುಡುಗನ ಹತ್ತಿರ ಹೋಗಿ, ಮಣ್ಣಿನ ಕೈ ಸೀರೆಗೆ ಒರೆಸಿಕೊಂಡು, ಆ ಪರದೆಯ ಮೇಲೆ ಬಾಗಿ ಬಹಳ ಹೊತ್ತು ನೋಡಿದಳು.

"ತಮ್ಮಾ, ಇದರಾಗ ನಾ ಎಲ್ಲೆದೀನೋ?"

ಹುಡುಗ ಎರಡು ಬೆರಳಿಟ್ಟು ಚಿತ್ರ ಹಿಗ್ಗಿಸಿದ. ಹಿಗ್ಗಿದಷ್ಟೂ ಮುಖಗಳು ಚೌಕ ಚೌಕವಾದವು. ಅಪ್ಪನ ಸುದ್ದಿ ಬಂದ ದಿನ ನನ್ನ ಕೈಯಲ್ಲಿದ್ದಂಥವೇ ಚೌಕಗಳು.