ಉಪ್ಪಿನಕಾಯಿಗೆ ಎಷ್ಟು ಲೈಕು?

ಮಕ್ಕಳೇ, ಈ ವಾರ ನಮ್ಮ ಮನೆಯದೇ ಒಂದು ಕತೆ ಹೇಳುತ್ತೇನೆ. ಕತೆಯ ನಡುವೆ ಸ್ವಲ್ಪ ಗುಣಾಕಾರ, ಕೂಡುವ ಲೆಕ್ಕ ಬರುತ್ತದೆ. ಹೆದರಬೇಡಿ, ಐದನೇ ತರಗತಿಯವರಿಗೂ ಬರುವಷ್ಟೇ. ಅಜ್ಜ ಅಜ್ಜಿಯರು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತರೆ ಇನ್ನೂ ಒಳ್ಳೆಯದು. ಈ ಲೆಕ್ಕ ಅವರಿಗೆ ನಿಮಗಿಂತ ಬೇಗ ಅರ್ಥವಾಗುತ್ತದೆ.

ನಮ್ಮದು ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ನಾನು ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮನೆಯಲ್ಲಿ ಮಗ, ಸೊಸೆ, ಒಂಬತ್ತನೇ ತರಗತಿ ಓದುವ ಮೊಮ್ಮಗಳು. ನಮ್ಮ ಕಡೆ ಹೆಣ್ಣುಮಗುವನ್ನು ‘ಕೂಸು’ ಅನ್ನುತ್ತಾರೆ. ಅವಳು ಎಷ್ಟೇ ಎತ್ತರ ಬೆಳೆದರೂ ನನಗೆ ಕೂಸೇ.

ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟಕ್ಕೆ ಕೊಳೆರೋಗ ಬಂತು. ಎಳೆಯ ಕಾಯೆಲ್ಲ ಮರದಡಿ ಉದುರಿ ಬಿತ್ತು. ಆ ವರ್ಷ ಮನೆಗೆ ಬರುವ ಹಣ ಅರ್ಧಕ್ಕೆ ಇಳಿಯಿತು. ಕೂಸನ್ನು ಮುಂದೆ ಓದಿಸಬೇಕು, ಪೇಟೆಯಲ್ಲಿ ಹಾಸ್ಟೆಲಿನಲ್ಲಿ ಇಡಬೇಕು ಎಂದು ಮಗ ಸೊಸೆ ಲೆಕ್ಕ ಹಾಕಿಕೊಂಡಿದ್ದರು. ಆ ಲೆಕ್ಕ ಬುಡಮೇಲಾಯಿತು. ಆಗ ಸೊಸೆ ಒಂದು ಮಾತು ಹೇಳಿದಳು: “ಮಾವಾ, ನಮ್ಮನೆ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ನೆಂಟರೆಲ್ಲ ಕೇಳಿ ಕೇಳಿ ಒಯ್ಯುತ್ತಾರೆ. ಮಾರಿದರೆ ಹೇಗೆ?”

ಅಪ್ಪೆಮಿಡಿ ಗೊತ್ತಿಲ್ಲದವರಿಗೆ ಎರಡು ಮಾತು. ಅದು ಮಲೆನಾಡಿನ ಹೊಳೆ ಹಳ್ಳಗಳ ದಂಡೆಯ ಕಾಡುಮಾವಿನ ಮಿಡಿ. ಒಳಗಿನ ಗೊರಟು ಬಲಿಯುವ ಮೊದಲೇ, ತೊಟ್ಟಿನ ಸಮೇತ ಕೊಯ್ಯಬೇಕು. ತೊಟ್ಟು ಮುರಿದರೆ ಸೊನೆ ಸುರಿದು ಹೋಗುತ್ತದೆ. ಪರಿಮಳ ಇರುವುದೇ ಆ ಸೊನೆಯಲ್ಲಿ. ಕೆಲವು ಮರದ ಮಿಡಿಗೆ ಜೀರಿಗೆಯ ವಾಸನೆ ಇರುತ್ತದೆ. ಮಿಡಿಯನ್ನು ಕಲ್ಲುಪ್ಪಿನಲ್ಲಿ ಹಾಕಿ, ಅದು ಚೆನ್ನಾಗಿ ಸುಕ್ಕುಗಟ್ಟಿದ ಮೇಲೆ ಸಾಸಿವೆ ಮೆಣಸಿನ ಮಸಾಲೆ ಕಲಸಬೇಕು. ಮಿಡಿ ಸಿಗುವುದು ವರ್ಷಕ್ಕೊಂದೇ ಸಲ, ಬೇಸಿಗೆಯ ಕೆಲವೇ ವಾರ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸೊಸೆ ಆಹಾರ ಇಲಾಖೆಯ ನೋಂದಣಿ ಮಾಡಿಸಿದಳು. ಬಾಟಲಿಯ ಚೀಟಿಯ ಮೇಲೆ ಅದರ ಹದಿನಾಲ್ಕು ಅಂಕಿಯ ಸಂಖ್ಯೆ ಹಾಕಿದಳು. ಭರಣಿಯ ಒಂದು ಫೋಟೊ ತೆಗೆದು ವಾಟ್ಸಾಪಿನಲ್ಲಿ ನೆಂಟರಿಗೆ ಕಳಿಸಿದಳು. ಅವರು ತಮ್ಮ ನೆರೆಹೊರೆಯವರಿಗೆ ಕಳಿಸಿದರು. ಹುಬ್ಬಳ್ಳಿ, ಬೆಂಗಳೂರು, ಪುಣೆಯಿಂದ ಬೇಡಿಕೆ ಬಂತು. ಹಣ ಯುಪಿಐನಲ್ಲಿ ಬರುತ್ತಿತ್ತು, ಬಾಟಲಿ ಅಂಚೆಯಲ್ಲಿ ಹೋಗುತ್ತಿತ್ತು. ವಿಳಾಸ ಬರೆಯುವ ಕೆಲಸ ನನ್ನದು. 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬಂದ ಮೇಲೆ ಅದರ ಆರು ಅಂಕಿಗಳ ಜೊತೆಗೇ ಬದುಕಿದವನು ನಾನು. ಪಿನ್ ಕೋಡ್ ತಪ್ಪು ಬರೆದು ನನ್ನ ಕೈಯಿಂದ ಒಂದು ಪೆಟ್ಟಿಗೆಯೂ ಹೊರಗೆ ಹೋಗಿಲ್ಲ.

ಹೀಗೆ ಒಂದು ವರ್ಷ ಸರಿಯಾಗಿಯೇ ನಡೆಯಿತು. ಆಮೇಲೆ ಕೂಸು, ಅವಳ ಅಮ್ಮ ಸೇರಿ ಇನ್‌ಸ್ಟಾಗ್ರಾಮಿನಲ್ಲಿ ಒಂದು ಪುಟ ತೆರೆದರು. ಕೂಸು ಮಿಡಿ ಕೊಯ್ಯುವ ವಿಡಿಯೊ ಮಾಡಿ ಹಾಕಿದಳು. ಮರ ಹತ್ತಿದವನು ಬುಟ್ಟಿಗೆ ಹಗ್ಗ ಕಟ್ಟಿ ನಿಧಾನವಾಗಿ ಇಳಿಸುವುದು, ಕೆಳಗೆ ನನ್ನ ಸೊಸೆ ಅದನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಳ್ಳುವುದು. ಚಂದದ ವಿಡಿಯೊ, ನನಗೂ ಇಷ್ಟವಾಯಿತು. ಒಂದೇ ವಾರದಲ್ಲಿ ಅದನ್ನು 2,10,000 ಸಲ ನೋಡಿದರು!

ಅಲ್ಲಿಂದ ಮನೆಯ ಗಾಳಿಯೇ ಬದಲಾಯಿತು. ಬೆಳಿಗ್ಗೆ ಎದ್ದವರು ಹಲ್ಲುಜ್ಜುವ ಮೊದಲು ಫೋನ್ ನೋಡುವುದು. ಊಟದ ಎಲೆಯ ಮುಂದೆ “ಆಯಿ, ಇನ್ನೂ ನಾನೂರು ಜಾಸ್ತಿ ಆಯ್ತು” ಎಂದು ಕೂಸು ಹೇಳುವುದು. ಮುಂದಿನ ವಿಡಿಯೊವನ್ನು ಮುನ್ನೂರು ಮಂದಿ ಮಾತ್ರ ನೋಡಿದಾಗ ಮನೆಯಲ್ಲಿ ಸೂತಕದ ಮೌನ. “ಏನು ತಪ್ಪಾಯಿತು?” ಎಂದು ಇಬ್ಬರೂ ತಲೆ ಕೆಡಿಸಿಕೊಂಡರು. ಯಾರೋ ಹೇಳಿದರೆಂದು ಸೊಸೆ 4,500 ರೂಪಾಯಿ ಕೊಟ್ಟು ಜಾಹೀರಾತು ಹಾಕಿದಳು. ಕೂಸು ಪರೀಕ್ಷೆಯ ಹಿಂದಿನ ದಿನ ಕೂಡ ವಿಡಿಯೊ ಮಾಡುತ್ತಾ ಕೂತಿದ್ದಳು. ಗಣಿತದಲ್ಲಿ ಎಂದೂ ಬಾರದಷ್ಟು ಕಡಿಮೆ ಅಂಕ ಬಂತು. ಒಂದು ಸಂಜೆ ಜಗುಲಿಯ ಮೂಲೆಯಲ್ಲಿ ಅಳುತ್ತಿದ್ದಳು. ಅಂಕ ಕಡಿಮೆ ಬಂತೆಂದು ಅಳುತ್ತಿದ್ದಾಳೆ ಅಂದುಕೊಂಡೆ. “ಅಜ್ಜಾ, ನನ್ನ ಹೊಸ ವಿಡಿಯೊ ಯಾರೂ ನೋಡಲೇ ಇಲ್ಲ” ಅಂದಳು.

ಅದೇ ವಾರ ಇನ್ನೊಂದು ಸಂಗತಿ ಆಯಿತು. ಸೊಸೆಯ ಫೋನಿನಲ್ಲಿ ಏನೋ ಹುಡುಕುವಾಗ ಒಂದು ಧ್ವನಿ ಸಂದೇಶ ಕಣ್ಣಿಗೆ ಬಿತ್ತು. ಬಂದು ಹನ್ನೊಂದು ದಿನವಾಗಿತ್ತು. ಯಾರೂ ಕೇಳಿರಲಿಲ್ಲ. ಧಾರವಾಡದ ಒಬ್ಬ ಹಿರಿಯ ಹೆಣ್ಣುಮಗಳು ಮಾತಾಡಿದ್ದರು:

“ತಂಗಿ, ನಿನ್ನ ಮಗಳ ವಿಡಿಯೊ ಭಾಳ ಚಂದ ಅದ. ಆದ್ರ ನಮಗ ಬಂದ ಬಾಟ್ಲಿ ಒಡದು ಎಲ್ಲಾ ಸೋರಿಬಿಟ್ಟದ. ನಮ್ಮ ಮನಿಯವ್ರಿಗೆ ಆರಾಮ ಇಲ್ಲ, ಗಂಜಿ ಜೋಡಿ ಮಿಡಿ ಉಪ್ಪಿನಕಾಯಿ ಬೇಕಂತ ಕೇಳ್ಯಾರ. ರೊಕ್ಕ ಬೇಕಾದ್ರ ಮತ್ತ ಕೊಡ್ತೀನಿ, ಒಂದು ಬಾಟ್ಲಿ ಲಗೂನ ಕಳಿಸವ್ವ.”

ನಾನು ಸೊಸೆಯನ್ನೂ ಕೂಸನ್ನೂ ಕರೆದು ಅದನ್ನು ಕೇಳಿಸಿದೆ. ಬೈಯಲಿಲ್ಲ. ಬೈಯುವ ಅಗತ್ಯವೂ ಇರಲಿಲ್ಲ. ಸೊಸೆ ಕೂಡಲೇ ಫೋನ್ ಮಾಡಿ ತಪ್ಪಾಯಿತು ಎಂದಳು. ಸಾಯಂಕಾಲದ ಟಪಾಲು ಹೋಗುವ ಮೊದಲು ಹೊಸ ಬಾಟಲಿ ಕಟ್ಟಿದೆವು. ಆ ದಿನ ಕೂಸು ತಾನೇ ಪೆಟ್ಟಿಗೆ ಹಿಡಿದು ಅಂಚೆ ಕಚೇರಿಗೆ ನಡೆದಳು.

ರಾತ್ರಿ ಊಟವಾದ ಮೇಲೆ ನನ್ನ ವಿಳಾಸದ ಪುಸ್ತಕ ತೆಗೆದೆ. ಯಾರಿಗೆ, ಯಾವ ದಿನ, ಎಷ್ಟು ಬಾಟಲಿ ಎಂದು ಮೊದಲ ದಿನದಿಂದ ಬರೆದಿಟ್ಟದ್ದು ಅದರಲ್ಲಿದೆ. “ಬಾ ಕೂಸೇ, ಗಣಿತ ಮಾಡುವ” ಅಂದೆ.

ಮೊದಲ ಲೆಕ್ಕ: ಒಂದು ಬಾಟಲಿಗೆ ಎಷ್ಟು ಉಳಿಯುತ್ತದೆ? ಅರ್ಧ ಕಿಲೋ ಬಾಟಲಿಗೆ ಮಿಡಿ, ಉಪ್ಪು, ಮಸಾಲೆ ಸೇರಿ 95 ರೂಪಾಯಿ. ಬಾಟಲಿ, ಮುಚ್ಚಳ, ರಟ್ಟಿನ ಪೆಟ್ಟಿಗೆಗೆ 32. ಸಹಾಯಕ್ಕೆ ಬರುವವರ ಕೂಲಿ 30. ಸೌದೆ, ಕರೆಂಟು, ಚೀಟಿ ಎಲ್ಲ ಸೇರಿ 8. ಒಟ್ಟು 165. ಮಾರುವುದು 240ಕ್ಕೆ, ಅಂಚೆ ವೆಚ್ಚ ಬೇರೆ. ಉಳಿಯುವುದು 75.

ಎರಡನೇ ಲೆಕ್ಕ: ಒಂದು ಬಾಟಲಿ ಒಡೆದರೆ? ಇನ್ನೊಂದು ಬಾಟಲಿಯ 165, ಮತ್ತೆ ಕಳಿಸಲು ಸುಮಾರು 60, ಒಟ್ಟು 225. ಅಂದರೆ ಮೂರು ಬಾಟಲಿಯ ಲಾಭ ನೀರುಪಾಲು. ಆ ವರ್ಷ ಒಡೆದದ್ದು 31. ಕೂಸು ಗುಣಿಸಿ 6,975 ಅಂದಳು. ಅವಳ ಮುಖ ಸಣ್ಣದಾಯಿತು.

ಮೂರನೇ ಲೆಕ್ಕ: ಜಾಹೀರಾತಿಗೆ ಕೊಟ್ಟ 4,500 ರೂಪಾಯಿ ವಾಪಸು ಬರಬೇಕಾದರೆ 60 ಬಾಟಲಿ ಮಾರಬೇಕು. ಅದರಿಂದ ಮಾರಾಟವಾದದ್ದು 14.

ನಾಲ್ಕನೆಯದೇ ದೊಡ್ಡ ಲೆಕ್ಕ. ಎರಡು ಲಕ್ಷ ಸಲ ನೋಡಿದ ಆ ವಿಡಿಯೊದಿಂದ ಬಂದ ಗಿರಾಕಿಗಳು 19. ಅವರಲ್ಲಿ ಎರಡನೇ ಸಲ ಕೇಳಿದವರು ಇಬ್ಬರು. ಇನ್ನೊಂದು ಕಡೆ, ಮತ್ತೆ ಮತ್ತೆ ತರಿಸಿಕೊಳ್ಳುವ ಮನೆಗಳು ಪುಸ್ತಕದಲ್ಲಿ 88 ಇದ್ದವು. ಆ ವರ್ಷ ಮಾರಿದ 640 ಬಾಟಲಿಗಳಲ್ಲಿ 452 ಹೋದದ್ದು ಆ 88 ಮನೆಗೇ! ಧಾರವಾಡದ ಆ ತಾಯಿಯ ಮನೆಯೂ ಅದರಲ್ಲೊಂದು.

“ನಮ್ಮ ಮನೆ ನಡೆಸುತ್ತಿರುವವರು ಯಾರು ಹೇಳು?” ಎಂದೆ. ಕೂಸು 88ರ ಮೇಲೆ ಬೆರಳಿಟ್ಟಳು.

“ಇನ್ನೊಂದು ಪ್ರಶ್ನೆ. ಆ ಎರಡು ಲಕ್ಷದಲ್ಲಿ ಬರೀ ಎರಡು ಸಾವಿರ ಮಂದಿ ಉಪ್ಪಿನಕಾಯಿ ಕೇಳಿದ್ದರೆ?” ಕೂಸು ಅಟ್ಟದ ಭರಣಿಗಳ ಕಡೆ ನೋಡಿದಳು. ಆಗ ಅಲ್ಲಿದ್ದದ್ದು ಮುನ್ನೂರು ಬಾಟಲಿಗೆ ಸಾಕಾಗುವಷ್ಟು. ಮತ್ತೆ ಮಿಡಿ ಬಿಡುವುದು ಮುಂದಿನ ಬೇಸಿಗೆಗೆ. ಮಾವಿನ ಮರಕ್ಕೆ ಲೈಕು ಗೊತ್ತಿಲ್ಲ.

ಮಕ್ಕಳೇ, ಇಲ್ಲಿ ನೀವು ಒಂದು ವಿಷಯ ತಿಳಿದುಕೊಳ್ಳಬೇಕು. ಫೇಸ್‌ಬುಕ್ಕಿನಲ್ಲಿ ‘ಲೈಕ್’ ಗುಂಡಿ ಬಂದದ್ದು 2009ರಲ್ಲಿ. ಅದಕ್ಕೆ ಮೊದಲೂ ಜನ ಸಾಮಾನು ಮಾರುತ್ತಿದ್ದರು, ಕೊಳ್ಳುತ್ತಿದ್ದರು. ನಿಮ್ಮ ವಿಡಿಯೊ ಯಾರಿಗೆ ತೋರಿಸಬೇಕು, ಎಷ್ಟು ಜನರಿಗೆ ತೋರಿಸಬೇಕು ಎಂದು ನಿರ್ಧರಿಸುವುದು ಆ ಕಂಪನಿಯ ಯಂತ್ರ. ಇವತ್ತು ಎರಡು ಲಕ್ಷ, ನಾಳೆ ಮುನ್ನೂರು. ಅದು ನಮ್ಮ ಕೈಯಲ್ಲಿಲ್ಲ. ಬಾಟಲಿ ಒಡೆಯದ ಹಾಗೆ ಕಟ್ಟುವುದು, ಕರೆದವರಿಗೆ ಓಗೊಡುವುದು ನಮ್ಮ ಕೈಯಲ್ಲಿದೆ. ಕೈಯಲ್ಲಿಲ್ಲದ ಸಂಖ್ಯೆಗೆ ಅತ್ತು, ಕೈಯಲ್ಲಿರುವ ಸಂಖ್ಯೆಯನ್ನು ಮರೆತರೆ ಅಂಗಡಿ ಉಳಿಯುವುದಿಲ್ಲ.

ಕೆವಿನ್ ಕೆಲ್ಲಿ ಎಂಬ ಅಮೆರಿಕದ ಲೇಖಕರು 2008ರಲ್ಲೇ ಒಂದು ಪ್ರಬಂಧ ಬರೆದರು. ಕಲೆ, ಸಂಗೀತ, ಬರವಣಿಗೆ ಮಾಡುವವರಿಗೆ ಲಕ್ಷಾಂತರ ಜನ ಬೇಕಿಲ್ಲ, ಅವರು ಮಾಡಿದ್ದನ್ನು ತಪ್ಪದೆ ಕೊಳ್ಳುವ ಸಾವಿರ ನಿಜವಾದ ಅಭಿಮಾನಿಗಳಿದ್ದರೆ ಹೊಟ್ಟೆ ತುಂಬುತ್ತದೆ ಎಂಬುದು ಅದರ ಸಾರ. ಉಪ್ಪಿನಕಾಯಿಗೆ ಸಾವಿರವೂ ಬೇಡವೇನೋ!

ಇನ್ನು ನಮ್ಮ ದೇಶದ್ದೇ ಕತೆ ಕೇಳಿ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಮನೆಯ ತಾರಸಿಯ ಮೇಲೆ ಹಪ್ಪಳ ಲಟ್ಟಿಸಿದರು. ಮೊದಲ ದಿನ ಆದದ್ದು ನಾಲ್ಕೇ ಕಟ್ಟು. ಮಳೆಗಾಲ ಬಂತು, ಹಪ್ಪಳ ಒಣಗಲಿಲ್ಲ, ಕೆಲಸ ನಿಂತಿತು. ಮುಂದಿನ ಮಳೆಗಾಲಕ್ಕೆ ಅವರು ಒಂದು ಮಂಚ, ಒಂದು ಸ್ಟೌ ತಂದರು. ಮಂಚದ ಮೇಲೆ ಹಪ್ಪಳ, ಅಡಿಯಲ್ಲಿ ಸ್ಟೌ! ಅದೇ ಇಂದಿನ ಲಿಜ್ಜತ್ ಹಪ್ಪಳ. ಸ್ಥಾಪಕಿಯರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಎಷ್ಟು ಜನ ನಮ್ಮನ್ನು ನೋಡುತ್ತಿದ್ದಾರೆ ಎಂದು ಅವರು ಕೇಳಿಕೊಳ್ಳಲಿಲ್ಲ, ಹಪ್ಪಳ ಹೇಗೆ ಒಣಗೀತು ಎಂದು ಕೇಳಿಕೊಂಡರು.

ನಮ್ಮ ಮನೆಗೆ ವಾಪಸು ಬರೋಣ. ಮರುದಿನದಿಂದ ನಾಲ್ಕು ಬದಲಾವಣೆ ಮಾಡಿದೆವು.

ಒಂದು, ಕಟ್ಟುವ ಕ್ರಮ. ಅಂಚೆಯವರ ಹಳೆಯ ಪಾಠ ನನಗೆ ಗೊತ್ತಿತ್ತು, ಆದರೆ ವಿಳಾಸ ಬರೆಯುವುದಷ್ಟೇ ನನ್ನ ಕೆಲಸ ಎಂದು ಸುಮ್ಮನಿದ್ದೆ. ಅದು ನನ್ನ ತಪ್ಪು. ಈಗ ಮುಚ್ಚಳಕ್ಕೆ ಟೇಪು ಸುತ್ತಿ, ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಸುತ್ತಲೂ ಮರದ ಹೊಟ್ಟು ತುಂಬಿ ಪೆಟ್ಟಿಗೆಗೆ ಇಡುತ್ತೇವೆ. ಅಲುಗಾಡಿಸಿದರೆ ಸದ್ದು ಬರಬಾರದು. ಬಂದರೆ ಬಿಚ್ಚಿ ಮತ್ತೆ ಕಟ್ಟಬೇಕು.

ಎರಡು, ಬಂದ ಸಂದೇಶಕ್ಕೆ ಅದೇ ದಿನ ಉತ್ತರ. ಬೆಳಿಗ್ಗೆ ಹತ್ತಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಸೊಸೆ ಫೋನ್ ಹಿಡಿದು ಕೂರುತ್ತಾಳೆ. ಉಳಿದ ಹೊತ್ತಿನಲ್ಲಿ ಅಡುಗೆಮನೆ, ತೋಟ.

ಮೂರು, ಹಳೆಯ ಗಿರಾಕಿಗಳಿಗೆ ಮೊದಲ ಪಾಲು. ಹೊಸ ಮಿಡಿಯ ಉಪ್ಪಿನಕಾಯಿ ಸಿದ್ಧವಾದೊಡನೆ ಪುಸ್ತಕದಲ್ಲಿರುವ ಮನೆಗಳಿಗೆ ಒಂದು ಸಂದೇಶ ಹೋಗುತ್ತದೆ. ಅವರು ಕೇಳಿ ಉಳಿದದ್ದು ಮಾತ್ರ ಹೊಸಬರಿಗೆ.

ನಾಲ್ಕು, ಇನ್‌ಸ್ಟಾಗ್ರಾಮ್ ಪುಟ ಮುಚ್ಚಲಿಲ್ಲ. ಹೊಸಬರು ನಮ್ಮನ್ನು ಗುರುತಿಸುವುದು ಅಲ್ಲಿಯೂ ಹೌದು. ವಾರಕ್ಕೊಂದು ಫೋಟೊ, ಭಾನುವಾರ ಮಾತ್ರ. ಲೈಕಿನ ಸಂಖ್ಯೆ ಕಾಣಿಸದಂತೆ ಮಾಡುವ ಅನುಕೂಲ 2021ರಿಂದ ಅದರಲ್ಲಿದೆ. ಕೂಸೇ ಅದನ್ನು ಹುಡುಕಿ ಮಾಡಿದಳು.

ಈ ಬದಲಾವಣೆಯೇನೂ ಸುಲಭವಾಗಿ ಆಗಲಿಲ್ಲ. ಮೊದಲ ಕೆಲವು ವಾರ ಕೂಸಿನ ಕೈ ಸುಮ್ಮನೆ ಫೋನಿನ ಕಡೆ ಹೋಗುತ್ತಿತ್ತು. “ಅಜ್ಜಾ, ಒಂದೇ ಸಲ ನೋಡ್ತೆ” ಅನ್ನುತ್ತಿದ್ದಳು. ನಾನು ವಿಳಾಸದ ಪುಸ್ತಕ ಮುಂದೆ ಚಾಚುತ್ತಿದ್ದೆ. ಈಗ ಆ ಪುಸ್ತಕ ಅವಳ ವಶದಲ್ಲಿದೆ. ಪ್ರತಿ ತಿಂಗಳ ಕೊನೆಗೆ ಮೂರೇ ಸಂಖ್ಯೆ ಬರೆಯುತ್ತಾಳೆ: ಎಷ್ಟು ಉಳಿಯಿತು, ಎಷ್ಟು ಮನೆಯವರು ಮತ್ತೆ ಕೇಳಿದರು, ಎಷ್ಟು ಒಡೆಯಿತು.

ಹೋದ ವರ್ಷ ಮಾರಿದ್ದು 960 ಬಾಟಲಿ, ಒಡೆದದ್ದು 4. ಎಷ್ಟು ಉಳಿಯಿತೆಂದು ನೀವೇ ಲೆಕ್ಕ ಮಾಡಿ. 71,100 ಬಂದರೆ ಸರಿ. ಇದು ದೊಡ್ಡ ಶ್ರೀಮಂತಿಕೆಯಲ್ಲ. ಆದರೆ ಕೂಸಿನ ಹೆಸರಿನ ಬ್ಯಾಂಕ್ ಖಾತೆಯಲ್ಲಿ ಹಾಸ್ಟೆಲಿನ ಹಣ ಬೀಳುತ್ತಿದೆ. ಗಣಿತದ ಅಂಕವೂ ಮೇಲೆ ಬಂದಿದೆ.

ಧಾರವಾಡದ ತಾಯಿ ಮೂರು ತಿಂಗಳಿಗೊಮ್ಮೆ ಎರಡು ಬಾಟಲಿ ತರಿಸುತ್ತಾರೆ. ಅವರ ತಂಗಿಯ ಮನೆಗೂ ಹೋಗುತ್ತದೆ. ಮೊನ್ನೆ ಅವರ ಯಜಮಾನರೇ ಫೋನಿನಲ್ಲಿ ಮಾತಾಡಿದರು. “ಈಗ ಗಂಜಿ ಬಿಟ್ಟೇನಿ, ರೊಟ್ಟಿಗೆ ಹತ್ತೇನಿ. ಉಪ್ಪಿನಕಾಯಿ ಇನ್ನೊಂದೀಟು ಖಾರ ಇರ್ಲಿ” ಅಂದರು. ಕೂಸು ಅದನ್ನು ಪುಸ್ತಕದಲ್ಲಿ ಅವರ ವಿಳಾಸದ ಪಕ್ಕ ಬರೆದುಕೊಂಡಳು.

ಈ ವಾರ ನಿಮಗೊಂದು ಕೆಲಸ. ನಿಮ್ಮ ಬೀದಿಯ ಹಾಲಿನವರು, ಹೂ ಮಾರುವವರು ಅಥವಾ ಕಿರಾಣಿ ಅಂಗಡಿಯವರನ್ನು ಅಜ್ಜ ಅಜ್ಜಿಯ ಜೊತೆ ಹೋಗಿ ಕೇಳಿ: “ನಿಮ್ಮಲ್ಲಿ ಎಷ್ಟೋ ವರ್ಷದಿಂದ ಬರುತ್ತಿರುವವರು ಎಷ್ಟು ಮನೆಯವರು?” ಅವರು ಬೆರಳು ಮಡಚಿ ಎಣಿಸುವುದನ್ನು ನೋಡಿ. ಹೆಸರು ಹೆಸರಾಗಿ ಎಣಿಸುತ್ತಾರೆ. ಕೇಳಿದ್ದನ್ನು ನನಗೆ ಬರೆದು ಕಳಿಸಿ. ಪಿನ್ ಕೋಡ್ ಮರೆಯಬೇಡಿ.