ಹಿಮಗಾಲದ ಹೊಗೆಯೊಲೆ
ಅಮೆರಿಕದ ಮಿನ್ನೆಸೋಟದಂಥ ಕಡೆ ಜನವರಿಯಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಹೊಸತೇನಲ್ಲ. ಆ ಚಳಿಯಲ್ಲೂ ಹಿತ್ತಲಲ್ಲಿ ಮಾಂಸವನ್ನು ಹೊಗೆಯಲ್ಲಿ ಬೇಯಿಸುವವರು ಒಲೆ ಕೊಳ್ಳುವಾಗ ಗಾತ್ರಕ್ಕಿಂತ ಮೊದಲು ಅದರ ಗೋಡೆಯನ್ನು ನೋಡಬೇಕು. ಲೆಕ್ಕ ಸರಳ. ದನದ ಎದೆಮಾಂಸ, ಅಂದರೆ ಬ್ರಿಸ್ಕೆಟ್, ಮೆದುವಾಗಲು ಒಲೆಯೊಳಗೆ ಸುಮಾರು 110 ಡಿಗ್ರಿ ಶಾಖ ಹತ್ತು-ಹನ್ನೆರಡು ಗಂಟೆ ಕದಲದೆ ನಿಲ್ಲಬೇಕು. ಹೊರಗೆ 30 ಡಿಗ್ರಿ ಇರುವ ಬೇಸಿಗೆಯಲ್ಲಿ ಒಳಹೊರಗಿನ ಅಂತರ 80. ಮೈನಸ್ 20ರಲ್ಲಿ ಅದು 130. ಶಾಖದ ಸೋರಿಕೆ ಈ ಅಂತರಕ್ಕೆ ತಕ್ಕಂತೆ ಏರುವುದರಿಂದ ತೆಳು ತಗಡಿನ ಒಲೆ ಇದ್ದಿಲನ್ನು ಸುಮಾರು ಒಂದೂವರೆ ಪಟ್ಟು ತಿನ್ನುತ್ತದೆ, ಗಾಳಿ ಬೀಸಿದರೆ ಇನ್ನೂ ಹೆಚ್ಚು. ಜಪಾನಿನ ಕಮಾಡೊ ಒಲೆಯಿಂದ ಬಂದ ದಪ್ಪ ಸೆರಾಮಿಕ್ ಒಲೆ ಶಾಖವನ್ನು ಹಿಡಿದಿಡುತ್ತದೆ. ಬೆಂಕಿಗೆ ಕಡಿಮೆ ಗಾಳಿ ಸಾಕಾಗುವುದರಿಂದ ಮಾಂಸ ಒಣಗುವುದೂ ಕಡಿಮೆ. ಭಾರ, ದುಬಾರಿ, ಬಿದ್ದರೆ ಒಡೆಯುತ್ತದೆ ಎಂಬ ಆಕ್ಷೇಪ ನಿಜವೇ. ಬೇಸಿಗೆಯಲ್ಲಷ್ಟೇ ಬೆಂಕಿ ಹಚ್ಚುವವರಿಗೆ ತಗಡಿನದೇ ಸಾಕು. ಮರದ ಗುಳಿಗೆ ಉರಿಸುವ ಪೆಲೆಟ್ ಒಲೆ ತಾನೇ ಶಾಖ ಹೊಂದಿಸಿಕೊಳ್ಳುತ್ತದಲ್ಲ ಎಂದು ಕೇಳಬಹುದು. ಹೊಂದಿಸಿಕೊಳ್ಳುತ್ತದೆ, ಆದರೆ ಗೋಡೆ ತೆಳುವಾಗಿದ್ದರೆ ಗುಳಿಗೆಗಳನ್ನು ಸುರಿಯುತ್ತಲೇ ಇರಬೇಕು. ಅದಕ್ಕೆ ಶಾಖ ತಡೆಯುವ ಹೊದಿಕೆಯನ್ನೂ ಕೊಳ್ಳುವುದು ಲೇಸು. ವರ್ಷವಿಡೀ ಬೇಯಿಸುವವರಿಗೆ ನನ್ನ ಮತ ಸೆರಾಮಿಕ್‌ಗೇ. ಯಾವುದನ್ನೇ ಕೊಂಡರೂ ಚಳಿಗೆ ಹೆದರಿ ಗ್ಯಾರೇಜಿನೊಳಗೆ ಮಾತ್ರ ಹಚ್ಚಬೇಡಿ: ಇದ್ದಿಲಿನಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ.