ಕಿರೀಟ ತಿಮ್ಮಪ್ಪನಿಗೆ, ಕೆಂಪು ಧೂಳು ಸಂಡೂರಿಗೆ: ಭಕ್ತಿಯ ಲೆಕ್ಕ ಕೇಳೋದು ತಪ್ಪಾ?

ಬಳ್ಳಾರಿ: ಶ್ರಾವಣ ಬಂತು ಅಂದ್ರೆ ಸಂಡೂರು, ತೋರಣಗಲ್ಲು, ಹೊಸಪೇಟೆ ಕಡೆ ಅಂಗಡಿ ಬಾಗಿಲಿಗೆ ಚಂದಾ ಪುಸ್ತಕ ಬರೋದು ಹೊಸದೇನಲ್ಲ. ಗಣಪತಿಗೆ ಒಂದು, ಜಾತ್ರೆಗೆ ಒಂದು, ಗುಡಿ ಜೀರ್ಣೋದ್ಧಾರಕ್ಕೆ ಇನ್ನೊಂದು. ಅಂಗಡಿಯವರು ಐನೂರೋ ಸಾವಿರವೋ ಬರೆಸಿ, ರಸೀದಿ ಹರಿಸಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕ್ತಾರೆ. ಆ ಸಾವಿರ ರೂಪಾಯಿ ಎಲ್ಲಿಂದ ಬಂತು ಅಂತ ಕೇಳಿದ್ರೆ ಅವರ ಬಳಿ ಉತ್ತರ ಇದೆ: ಇಷ್ಟು ಮೂಟೆ ಅಕ್ಕಿ ಮಾರಿದ್ದು, ಇಷ್ಟು ಲಾಭ, ಇಷ್ಟು ಬಾಡಿಗೆ, ಇಷ್ಟು ಜಿಎಸ್‌ಟಿ.

ಆದರೆ ಗುಡಿ ಮುಂದಿನ ಫ್ಲೆಕ್ಸ್‌ನಲ್ಲಿ ಈ ಅಂಗಡಿಯವರ ಮುಖ ಇರಲ್ಲ. ಅಲ್ಲಿ ಇರೋದು ಕೈ ಮುಗಿದು ನಿಂತ ರಾಜಕಾರಣಿಯ ಮುಖ, ಕೆಳಗೆ "ಮಹಾದಾನಿಗಳು" ಅನ್ನೋ ಬಿರುದು. ಅವರ ಹಣ ಎಲ್ಲಿಂದ ಬಂತು ಅಂತ ಕೇಳಿದರೆ, "ದೇವರ ಕೆಲಸದಲ್ಲಿ ಯಾಕ್ರೀ ರಾಜಕೀಯ?" ಅಂತ ಬಾಯಿ ಮುಚ್ಚಿಸ್ತಾರೆ. ಈ ಒಂದು ಮಾತಿನ ಹಿಂದೆ ಎಷ್ಟೆಲ್ಲ ಅಡಗಿಸಿಡಬಹುದು ಅನ್ನೋದನ್ನ ಬಳ್ಳಾರಿ ಜಿಲ್ಲೆಯಷ್ಟು ಚೆನ್ನಾಗಿ ಕಂಡವರು ಕಡಿಮೆ.

45 ಕೋಟಿಯ ಕಿರೀಟ

2009ರ ಜೂನ್. ಆಗ ರಾಜ್ಯದಲ್ಲಿ ಸಚಿವರಾಗಿದ್ದ ಗಾಲಿ ಜನಾರ್ದನ ರೆಡ್ಡಿ ತಿರುಮಲದ ವೆಂಕಟೇಶ್ವರ ಸ್ವಾಮಿಗೆ ವಜ್ರಖಚಿತ ಚಿನ್ನದ ಕಿರೀಟ ಅರ್ಪಿಸಿದರು. ಅದರ ಬೆಲೆ ಸುಮಾರು 45 ಕೋಟಿ ರೂಪಾಯಿ ಅಂತ ಆಗ ವರದಿಯಾಯಿತು. ಟಿವಿಯಲ್ಲಿ ದಿನವಿಡೀ ಅದೇ ಸುದ್ದಿ. ಪೊಲೀಸ್ ಕಾನ್‌ಸ್ಟೇಬಲ್ ಒಬ್ಬರ ಮಗ ಈ ಮಟ್ಟಕ್ಕೆ ಬೆಳೆದಿದ್ದು ತಿಮ್ಮಪ್ಪನ ದಯೆ ಅಂತ ಅನೇಕರು ನಂಬಿದರು, ಹೆಮ್ಮೆಪಟ್ಟರು.

ರೆಡ್ಡಿ ಸಹೋದರರ ರಾಜಕೀಯ ಶುರುವಾಗಿದ್ದೂ ಭಕ್ತಿಯ ಚೌಕಟ್ಟಿನೊಳಗೇ. 1999ರ ಲೋಕಸಭಾ ಚುನಾವಣೆಯಲ್ಲಿ ಸೋನಿಯಾ ಗಾಂಧಿ ಎದುರು ಸುಷ್ಮಾ ಸ್ವರಾಜ್ ಇಲ್ಲಿ ಸ್ಪರ್ಧಿಸಿ ಸೋತರು. ಸೋತರೂ ಮುಂದೆ ಹಲವು ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬಂದು ಪೂಜೆ ಮಾಡಿದರು. ಆ ಪೂಜೆಯಲ್ಲಿ ಪಕ್ಕದಲ್ಲಿ ನಿಲ್ಲುತ್ತಿದ್ದವರಿಗೆ ದೆಹಲಿಯ ದೊಡ್ಡ ನಾಯಕಿಯ ಆಶೀರ್ವಾದ ಇದೆ ಅನ್ನೋದು ಜಿಲ್ಲೆಯ ಪ್ರತಿ ಅಧಿಕಾರಿಗೂ ಕಾಣ್ತಿತ್ತು. 2008ರಲ್ಲಿ ಬಿಜೆಪಿ ಸರ್ಕಾರ ಬಂದಾಗ ಜನಾರ್ದನ ರೆಡ್ಡಿ, ಕರುಣಾಕರ ರೆಡ್ಡಿ, ಅವರ ಆಪ್ತ ಬಿ. ಶ್ರೀರಾಮುಲು ಮೂವರೂ ಸಚಿವರಾದರು. ಇನ್ನೊಬ್ಬ ಸಹೋದರ ಸೋಮಶೇಖರ ರೆಡ್ಡಿ ಕೆಎಂಎಫ್ ಅಧ್ಯಕ್ಷರಾದರು.

ದುಡ್ಡು ಹುಟ್ಟಿದ್ದು ಹೇಗೆ?

ಇದನ್ನ ವ್ಯಾಪಾರಿಯ ಲೆಕ್ಕದಲ್ಲೇ ನೋಡಬೇಕು. ಅದಿರು ಯಾರೂ ಬೆಳೆದಿದ್ದಲ್ಲ, ತಯಾರಿಸಿದ್ದೂ ಅಲ್ಲ. ಭೂಮಿಯೊಳಗಿನ ಸೊತ್ತು, ಸಾರ್ವಜನಿಕರ ಸೊತ್ತು. ಸರ್ಕಾರ ಅದನ್ನ ತೆಗೆಯೋಕೆ ಗುತ್ತಿಗೆ ಕೊಟ್ಟು ರಾಜಧನ ವಸೂಲಿ ಮಾಡುತ್ತೆ. 2009ರ ಆಗಸ್ಟ್‌ವರೆಗೆ ಈ ರಾಜಧನ ಟನ್ನಿಗೆ 30 ರೂಪಾಯಿಯನ್ನೂ ಮುಟ್ಟಿರಲಿಲ್ಲ. ಅದೇ ಹೊತ್ತಿಗೆ ಬೀಜಿಂಗ್ ಒಲಿಂಪಿಕ್ಸ್ ಸಿದ್ಧತೆಯಲ್ಲಿದ್ದ ಚೀನಾಕ್ಕೆ ಎಷ್ಟು ಕಬ್ಬಿಣ ಕೊಟ್ಟರೂ ಸಾಲದು. ಬಂದರು ಮುಟ್ಟಿದ ಅದಿರಿಗೆ ಟನ್ನಿಗೆ ಸಾವಿರಾರು ರೂಪಾಯಿ. ಹತ್ತು ಪೈಸೆ ಬಂಡವಾಳಕ್ಕೆ ಹತ್ತು ರೂಪಾಯಿ ಮಾಲು ಅನ್ನೋ ಹಾಗಾಯ್ತು ವ್ಯಾಪಾರ.

ಇಂಥ ವ್ಯಾಪಾರದಲ್ಲಿ ಬುದ್ಧಿವಂತಿಕೆ, ದುಡಿಮೆಗಿಂತ ಮುಖ್ಯವಾಗಿ ಬೇಕಾಗೋದು ಸಹಿ. ಗುತ್ತಿಗೆಗೆ ಸಹಿ, ಸಾಗಣೆ ಪರ್ಮಿಟ್‌ಗೆ ಸಹಿ, ಚೆಕ್‌ಪೋಸ್ಟ್‌ನಲ್ಲಿ ಲಾರಿ ತೂಕ ನೋಡದೆ ಬಿಡೋ ಕಣ್ಣು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಕೊಟ್ಟ ವರದಿ ಇದನ್ನೇ ಎಳೆಎಳೆಯಾಗಿ ಬಿಡಿಸಿತು. ಅದಕ್ಕೆ ತಳಪಾಯ ಅರಣ್ಯಾಧಿಕಾರಿ ಯು.ವಿ. ಸಿಂಗ್ ತಂಡದ ತನಿಖೆ. ವರದಿಯಲ್ಲಿ ಬಂದ "ಜೀರೋ ರಿಸ್ಕ್" ಅನ್ನೋ ಪದ ಆಮೇಲೆ ಜಿಲ್ಲೆಯಲ್ಲೆಲ್ಲ ಓಡಾಡಿತು. ಅಂದ್ರೆ ಇಷ್ಟು ಪಾಲು ಕೊಟ್ಟರೆ ಪರ್ಮಿಟ್ ಇಲ್ಲದ ಲಾರಿಯೂ ದಾರಿಯಲ್ಲಿ ಎಲ್ಲೂ ನಿಲ್ಲಲ್ಲ ಅನ್ನೋ ಖಾತರಿ. ಆ ಖಾತರಿ ಕೊಡೋ ಶಕ್ತಿ ಬಂದಿದ್ದು ಅಧಿಕಾರದಿಂದ.

2006ರಿಂದ 2010ರವರೆಗಿನ ಅಕ್ರಮದಿಂದ ರಾಜ್ಯದ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಅಂತ ಆ ವರದಿ ಅಂದಾಜು ಮಾಡಿತು. ಇದು ಒಬ್ಬರೇ ಮಾಡಿದ ನಷ್ಟ ಅಲ್ಲ ಅನ್ನೋದು ನೆನಪಿರಬೇಕು. ಹಲವು ಕಂಪನಿಗಳು, ನೂರಾರು ಅಧಿಕಾರಿಗಳು, ಬೇರೆ ಬೇರೆ ಪಕ್ಷದ ನಾಯಕರ ಹೆಸರುಗಳು ಲೋಕಾಯುಕ್ತದ ವರದಿಗಳಲ್ಲಿ ಬಂದವು. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ವರದಿ ಬಂದ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು.

ಈಗ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ. 16,085 ಕೋಟಿ ನಷ್ಟದ ಎದುರು 45 ಕೋಟಿಯ ಕಿರೀಟ ಅಂದ್ರೆ ನೂರು ರೂಪಾಯಿಗೆ 28 ಪೈಸೆ. ಕಿರೀಟದ ಫೋಟೊ ಮನೆಮನೆಗೆ ಮುಟ್ಟಿತು. ನೂರು ರೂಪಾಯಿಯ ಲೆಕ್ಕ ಮುಟ್ಟೋಕೆ ಲೋಕಾಯುಕ್ತದ ವರದಿಯೇ ಬರಬೇಕಾಯ್ತು.

ಗುಡ್ಡದ ಮೇಲಿನ ದೇವರಿಗೆ ಏನಾಯ್ತು?

ಭಕ್ತಿಯ ಮಾತು ಬಂದಾಗ ಸುಗ್ಗಲಮ್ಮ ದೇವಿಯನ್ನ ಮರೆಯೋ ಹಾಗಿಲ್ಲ. ಕರ್ನಾಟಕ–ಆಂಧ್ರ ಗಡಿಯ ಗುಡ್ಡದಲ್ಲಿದ್ದ ಆ ಹಳೆಯ ಗುಡಿ 2006ರಲ್ಲಿ ಗಣಿಗಾರಿಕೆಯ ಭರಾಟೆಯಲ್ಲಿ ನೆಲಸಮವಾಯಿತು. ಯಾರು ಕೆಡವಿದ್ದು ಅನ್ನೋದರ ಮೇಲೆ ಆರೋಪ, ಪ್ರತ್ಯಾರೋಪ ವರ್ಷಗಟ್ಟಲೆ ನಡೀತು. ಯಾರೇ ಕೆಡವಿರಲಿ, ಗುಡಿ ನಿಂತಿದ್ದ ಜಾಗದ ಕೆಳಗೆ ಅದಿರಿತ್ತು ಅನ್ನೋದೇ ದೇವಿಗೆ ಮುಳುವಾಯ್ತು. ಸುತ್ತಲಿನ ಹಳ್ಳಿಯವರಿಗೆ ಆ ಅಮ್ಮ ಮನೆದೇವರು. ಅವಳಿಗೆ ಚಿನ್ನದ ಕಿರೀಟ ಬೇಕಿರಲಿಲ್ಲ, ಇದ್ದಲ್ಲೇ ಇರೋಕೆ ಬಿಟ್ಟಿದ್ದರೆ ಸಾಕಿತ್ತು.

ಸಂಡೂರಿನ ಕುಮಾರಸ್ವಾಮಿ ಬೆಟ್ಟದ ಕಥೆಯೂ ಇದಕ್ಕೆ ದೂರ ಇಲ್ಲ. ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿ, ಪಕ್ಕದಲ್ಲೇ ಕುಮಾರಸ್ವಾಮಿ ಗುಡಿ ಅಲ್ಲಿವೆ. ಗುಡಿಯಿಂದ ಎಷ್ಟು ದೂರದವರೆಗೆ ಗಣಿ ಬೇಡ ಅನ್ನೋದೇ ದೊಡ್ಡ ಜಗಳ. 1930ರ ದಶಕದಲ್ಲಿ ಸಂಡೂರು ಸಂಸ್ಥಾನದ ಘೋರ್ಪಡೆ ದೊರೆ ಇದೇ ಗುಡಿಯ ಬಾಗಿಲನ್ನ ದಲಿತರಿಗೆ ತೆರೆದರು, ಗಾಂಧೀಜಿ ಅದನ್ನ ಮೆಚ್ಚಿದರು. ಆ ಕೆಲಸಕ್ಕೆ ಒಂದು ಗುಂಜಿ ಚಿನ್ನವೂ ಖರ್ಚಾಗಲಿಲ್ಲ. ಆದರೂ ತೊಂಬತ್ತು ವರ್ಷ ಕಳೆದ ಮೇಲೂ ಊರಿನ ಹಿರಿಯರು ಅದನ್ನ ನೆನೀತಾರೆ.

ಕೃಷ್ಣದೇವರಾಯನೂ ಕೊಟ್ಟಿದ್ದ, ನಿಜ

"ಕೃಷ್ಣದೇವರಾಯ ಕೊಟ್ಟರೆ ಭಕ್ತಿ, ಇವರು ಕೊಟ್ಟರೆ ತಪ್ಪಾ?" ಅಂತ ಕೇಳೋರು ಇದ್ದಾರೆ. ಪ್ರಶ್ನೆ ಸರಿಯಾಗಿದೆ. 1513ರಲ್ಲಿ ಹಂಪಿಯಿಂದ ತಿರುಮಲಕ್ಕೆ ಹೋದ ರಾಯ ನವರತ್ನದ ಕಿರೀಟ ಅರ್ಪಿಸಿದ್ದು ಶಾಸನಗಳಲ್ಲೇ ಇದೆ. ರಾಯನ ಪಟ್ಟಾಭಿಷೇಕದ 500ನೇ ವರ್ಷಾಚರಣೆ 2010ರ ಜನವರಿಯಲ್ಲಿ ಹಂಪಿಯಲ್ಲಿ ವೈಭವದಿಂದ ನಡೆದಾಗ ಪ್ರವಾಸೋದ್ಯಮ ಸಚಿವರಾಗಿದ್ದವರು ಜನಾರ್ದನ ರೆಡ್ಡಿಯೇ. 2016ರ ನವೆಂಬರ್‌ನಲ್ಲಿ, ಜನ ನೋಟು ಬದಲಿಸೋಕೆ ಬ್ಯಾಂಕ್ ಮುಂದೆ ಸಾಲು ನಿಂತಿದ್ದ ಹೊತ್ತಲ್ಲಿ, ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಅವರ ಮಗಳ ಮದುವೆಗೂ ಎದ್ದಿದ್ದು ವಿಜಯನಗರ ವೈಭವದ ಸೆಟ್.

ವ್ಯತ್ಯಾಸ ಒಂದೇ. ರಾಯ ರಾಜನಾಗಿದ್ದ, ಖಜಾನೆಯೂ ಅವನದೇ. ಲೆಕ್ಕ ಕೇಳೋ ಹಕ್ಕು ಪ್ರಜೆಗಿರಲಿಲ್ಲ. ಈಗ ಸಚಿವರು ರಾಜರಲ್ಲ, ಅದಿರು ಅವರ ಖಜಾನೆಯೂ ಅಲ್ಲ. ಸಾರ್ವಜನಿಕರ ಸೊತ್ತಿನಿಂದ ಬಂದಿದ್ದನ್ನ ಸ್ವಂತ ಹೆಸರಲ್ಲಿ ದೇವರಿಗೆ ಕೊಟ್ಟರೆ, ಹಳ್ಳಿಯಲ್ಲಿ ಅದಕ್ಕೊಂದು ಗಾದೆ ಇದ್ದೇ ಇದೆ: ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಕೋರ್ಟು ಹೇಳಿದ್ದು

2011ರ ಸೆಪ್ಟೆಂಬರ್ 5ರಂದು ಸಿಬಿಐ ಜನಾರ್ದನ ರೆಡ್ಡಿಯವರನ್ನ ಬಳ್ಳಾರಿಯಲ್ಲಿ ಬಂಧಿಸಿತು. ಆಗ ತಿರುಮಲದ ಕಿರೀಟ ವಾಪಸ್ ಕೊಡಬೇಕು ಅನ್ನೋ ಕೂಗೂ ಎದ್ದಿತ್ತು. ಓಬಳಾಪುರಂ ಮೈನಿಂಗ್ ಕಂಪನಿ ಪ್ರಕರಣದಲ್ಲಿ ಹೈದರಾಬಾದ್‌ನ ಸಿಬಿಐ ವಿಶೇಷ ನ್ಯಾಯಾಲಯ 2025ರ ಮೇ 6ರಂದು ಅವರೂ ಸೇರಿ ಕೆಲವರನ್ನ ತಪ್ಪಿತಸ್ಥರೆಂದು ತೀರ್ಮಾನಿಸಿ 7 ವರ್ಷ ಶಿಕ್ಷೆ ವಿಧಿಸಿತು. ಇಬ್ಬರು ಖುಲಾಸೆಯಾದರು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನ ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಹಾಗಾಗಿ ಕೆಳ ನ್ಯಾಯಾಲಯದ ತೀರ್ಪೇ ಕೊನೆಯ ಮಾತಲ್ಲ.

ಈ ನಡುವೆ ಅವರು 2022ರ ಕೊನೆಗೆ ಸ್ವಂತ ಪಕ್ಷ ಕಟ್ಟಿ, 2023ರಲ್ಲಿ ಗಂಗಾವತಿಯಿಂದ ಶಾಸಕರಾದರು. 2024ರಲ್ಲಿ ಬಿಜೆಪಿಗೆ ಮರಳಿದರು. ಮತದಾರರು ಗೆಲ್ಲಿಸಿದ್ದಾರೆ ಅನ್ನೋದೂ ಸತ್ಯ. ಅದನ್ನ ಬರೀ ದುಡ್ಡಿನ ಪ್ರಭಾವ ಅಂತ ತಳ್ಳಿಹಾಕೋಕಾಗಲ್ಲ. ಕಷ್ಟಕ್ಕೆ ಆದವರು, ಮದುವೆಗೆ ಕೊಟ್ಟವರು, ಗುಡಿ ಕಟ್ಟಿಸಿದವರು ಅನ್ನೋ ಋಣ ಇಲ್ಲಿನ ಜನಕ್ಕೆ ದೊಡ್ಡದು.

ಆದರೆ ಋಣದ ಇನ್ನೊಂದು ಮುಖವನ್ನೂ ಅಂಗಡಿಯವರು ಕಂಡಿದ್ದಾರೆ. ಲಾರಿ ಸಾಲು ಓಡ್ತಿದ್ದ ದಿನಗಳಲ್ಲಿ ಪಂಕ್ಚರ್ ಶಾಪಿನಿಂದ ಬಂಗಾರದ ಅಂಗಡಿವರೆಗೆ ವ್ಯಾಪಾರ ಜೋರಿತ್ತು. ಬಟ್ಟೆ ಅಂಗಡಿಯ ಬಿಳಿ ಪಂಚೆ ಕೆಂಪಾಗ್ತಿತ್ತು, ಹೊಲದ ಬೆಳೆ ಮೇಲೂ ಅದೇ ಧೂಳು, ಆದರೂ ಗಲ್ಲಾ ತುಂಬ್ತಿತ್ತು. 2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದಾಗ ಮೊದಲು ಬಿದ್ದಿದ್ದು ಸಾಲ ಮಾಡಿ ಲಾರಿ ತಗೊಂಡವರು, ಉದ್ರಿ ಕೊಟ್ಟ ಕಿರಾಣಿಯವರು, ದಿನಗೂಲಿಯವರು. ಕಾನೂನು ಪ್ರಕಾರ ಮಿತಿಯಲ್ಲಿ ಗಣಿ ನಡೆದಿದ್ದರೆ ಹಾಗೆ ಒಂದೇ ದಿನ ಬಾಗಿಲು ಬೀಳ್ತಿರಲಿಲ್ಲ. ಅತಿಯಾಗಿ ಬಾಚಿದವರು ಬೇರೆ, ಅದರ ದಂಡ ಕಟ್ಟಿದವರು ಬೇರೆ.

ಹುಂಡಿಗೂ ಫ್ಲೆಕ್ಸ್‌ಗೂ ಇರೋ ಅಂತರ

ಯಾರ ಭಕ್ತಿ ನಿಜ, ಯಾರದು ಸುಳ್ಳು ಅಂತ ತೂಗೋ ತಕ್ಕಡಿ ಯಾರ ಬಳಿಯೂ ಇಲ್ಲ. ಕಿರೀಟ ಕೊಟ್ಟವರು ಮನಸಾರೆ ಕೈ ಮುಗಿದಿರಬಹುದು. ಅದು ಅವರಿಗೂ ದೇವರಿಗೂ ಬಿಟ್ಟಿದ್ದು. ತಿರುಮಲದ ಹುಂಡಿಗೆ ದಿನವೂ ಸಾವಿರಾರು ಜನ ಕಾಣಿಕೆ ಹಾಕ್ತಾರೆ. ಯಾರು ಎಷ್ಟು ಹಾಕಿದರು ಅಂತ ಯಾರಿಗೂ ಗೊತ್ತಾಗಲ್ಲ. ಅಲ್ಲಿಗೆ ಯಾರೂ ಲೆಕ್ಕ ಕೇಳ್ಕೊಂಡು ಹೋಗಲ್ಲ. ಆದರೆ ಅಧಿಕಾರದಲ್ಲಿ ಇರೋರು ಕ್ಯಾಮೆರಾ ಮುಂದೆ ಕೊಟ್ಟ ಕ್ಷಣಕ್ಕೆ ಅದು ಬರೀ ಪೂಜೆಯಾಗಿ ಉಳಿಯಲ್ಲ. ಅದು ಸಾರ್ವಜನಿಕವಾಗಿ ಪಡೆದ ಗೌರವ. ಗೌರವ ಸಾರ್ವಜನಿಕ ಆದ ಮೇಲೆ ಲೆಕ್ಕವೂ ಸಾರ್ವಜನಿಕ ಆಗಲೇಬೇಕು.

ಹೀಗೆ ಕೇಳೋದು ಧರ್ಮಕ್ಕೆ ವಿರೋಧ ಅಲ್ಲ, ಧರ್ಮದ ಒಳಗಿನದೇ ಮಾತು. ಈ ನೆಲದ ಶರಣರು ದಾಸೋಹಕ್ಕಿಂತ ಮೊದಲು ಕಾಯಕ ಇಟ್ಟರು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನ ಅಲ್ಲೇ ಸುರಿದು ಬಾ ಅಂದ ಕಥೆ ಕೇಳದವರಿಲ್ಲ. ಅಕ್ಕಿ ತಂದಿದ್ದು ಶರಣರ ದಾಸೋಹಕ್ಕೇ. ಆದರೂ ಅವಳು ಒಪ್ಪಲಿಲ್ಲ.

ಹಾಗಾದ್ರೆ ಊರಿನವರು ಮಾಡಬಹುದಾದ್ದು ಏನು? ದೊಡ್ಡ ದಾನ ಬಂದಾಗ ಗುಡಿ ಸಮಿತಿ ಅದನ್ನ ಚೆಕ್‌ನಲ್ಲೇ ತಗೊಂಡು, ರಸೀದಿ ಕೊಟ್ಟು, ವರ್ಷಕ್ಕೊಮ್ಮೆ ಜಮಾ–ಖರ್ಚು ಗೋಡೆಗೆ ಅಂಟಿಸಬಹುದು. ಮುಜರಾಯಿ ಇಲಾಖೆಗೆ ಸೇರಿದ ಗುಡಿಯಾದರೆ ಲೆಕ್ಕಪತ್ರವನ್ನ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಚುನಾವಣೆಗೆ ನಿಂತವರ ಆಸ್ತಿ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲೇ ಸಿಗುತ್ತೆ. ಐದು ವರ್ಷದ ಹಿಂದಿನದನ್ನೂ ಈಗಿನದನ್ನೂ ಪಕ್ಕದಲ್ಲಿಟ್ಟು ನೋಡೋಕೆ ಅರ್ಧ ಗಂಟೆ ಸಾಕು.

ಇನ್ನೊಂದು ದೊಡ್ಡ ಲೆಕ್ಕವೂ ಬಾಕಿ ಇದೆ. ಗಣಿಯಿಂದ ಹಾಳಾದ ಬಳ್ಳಾರಿ, ಚಿತ್ರದುರ್ಗ, ತುಮಕೂರು ಭಾಗದ ಪುನಶ್ಚೇತನಕ್ಕೆ ಅಂತ ಸುಪ್ರೀಂ ಕೋರ್ಟ್ ಆದೇಶದಿಂದ ಕೂಡಿಟ್ಟಿರೋ ಹಣ ಸಾವಿರಾರು ಕೋಟಿ. ಅದರ ಜೊತೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯೂ ಇದೆ. ಆ ಹಣದಿಂದ ಯಾವ ಹಳ್ಳಿಗೆ ಕುಡಿಯೋ ನೀರು ಬಂತು, ಯಾವ ಆಸ್ಪತ್ರೆಗೆ ಡಾಕ್ಟರ್ ಬಂದರು, ಯಾವ ರಸ್ತೆಯ ಧೂಳು ನಿಂತಿತು ಅಂತ ಗ್ರಾಮಸಭೆಯಲ್ಲಿ ಕೇಳಬೇಕಾದವರು ತಾಲೂಕಿನವರೇ. ಅದು ಯಾವ ನಾಯಕರೂ ತಮ್ಮ ಜೇಬಿನಿಂದ ಕೊಡೋ ದಾನ ಅಲ್ಲ, ಈ ಗುಡ್ಡಗಳಿಂದ ಹೋದದ್ದರಲ್ಲಿ ವಾಪಸ್ ಬಂದ ಸ್ವಲ್ಪ ಪಾಲು.

ಮುಂದಿನ ಸಲ ಚಂದಾ ಪುಸ್ತಕ ಅಂಗಡಿಗೆ ಬಂದಾಗ ಸಾವಿರ ರೂಪಾಯಿ ಖಂಡಿತ ಬರೆಸಬಹುದು. ಜೊತೆಗೆ ಹೋದ ವರ್ಷದ ಲೆಕ್ಕದ ಚೀಟಿ ಎಲ್ಲಿ ಅಂತಲೂ ಕೇಳಬಹುದು. ಅಷ್ಟು ಕೇಳಿದ್ದಕ್ಕೆ ಯಾವ ದೇವರೂ ಮುನಿಸಿಕೊಳ್ಳಲ್ಲ.